ನೋಡಿ ಕಲಿಯುವ ಒಂದು ವಾರ

ಕಳೆದ ಬೇಸಿಗೆಯಲ್ಲಿ ಪರಿಚಿತ ಗೃಹಸ್ಥರೊಬ್ಬರು ಮಗಳೊಡನೆ ನಮ್ಮಲ್ಲಿಗೆ ಬಂದಿದ್ದರು. ಮಗಳಿಗೆ ವಾಸ್ತುಶಿಲ್ಪ ಓದುವ ಹಂಬಲ. ತಂದೆಗೆ ಐದು ವರ್ಷಗಳ ವೆಚ್ಚದ ಚಿಂತೆ. ಮೊದಲು ವಾಸ್ತುಶಿಲ್ಪಿಯೊಬ್ಬರ ಜೊತೆಯಲ್ಲಿ ಒಂದು ವಾರ ಓಡಾಡಿ ನೋಡಲಿ ಎಂದೆವು. "ಸುಮ್ಮನೆ ನಿಂತು ನೋಡಿದರೆ ಏನು ಬಂತು, ಶಾಸ್ತ್ರಿಗಳೇ?" ಎಂದರು ಅವರು.

ಬೆಂಗಳೂರಿನ ಐ.ಐ.ಎಂ.ನ ಕಲ್ಲಿನ ಕಟ್ಟಡಗಳನ್ನು ರೂಪಿಸಿದ ಬಾಲಕೃಷ್ಣ ದೋಶಿಯವರು 1951ರಲ್ಲಿ ಪ್ಯಾರಿಸ್ಸಿನಲ್ಲಿ ಲೆ ಕಾರ್ಬೂಸಿಯೇ ಅವರ ಬಳಿ ಸೇರಿ, ಮೊದಲ ಎಂಟು ತಿಂಗಳು ವೇತನವಿಲ್ಲದೆ ದುಡಿದರು. 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯರು ಅವರೇ. ಗುರುವಿನ ಕೈಯನ್ನು ಹತ್ತಿರದಿಂದ ಕಾಣುವುದೂ ವಿದ್ಯೆಯೇ.

ಹುಡುಗಿ ಹೋದಳು. ಮೆಟ್ಟಿಲು ಒಂದು ಅಂಗುಲ ಹೆಚ್ಚಾಗಿದೆ, ಮನೆಯ ಹಿರಿಯರ ಮೊಣಕಾಲಿಗೆ ಕಷ್ಟವೆಂದು ಅದನ್ನು ಒಡೆಸಿ ಮತ್ತೆ ಕಟ್ಟಿಸಿದುದನ್ನು ಕಂಡಳು. ಬಡಗಿಯ ಬಳಿ ಅರ್ಧ ದಿನ ನಿಂತಳು. ಮರಳಿ ಬಂದು, ಕಟ್ಟಡಕ್ಕಿಂತ ಒಳಾಂಗಣದ ವಿನ್ಯಾಸವೇ ತನಗೆ ಒಗ್ಗುವುದೆಂದಳು. ವಾಸ್ತುಶಿಲ್ಪಿ ಎನಿಸಿಕೊಳ್ಳಲು 1972ರ ಕಾಯಿದೆಯಂತೆ ನೋಂದಣಿ ಬೇಕು. ಒಳಾಂಗಣ ವಿನ್ಯಾಸಕ್ಕೆ ಆ ಕಟ್ಟಿಲ್ಲ. ಐದು ವರ್ಷಗಳ ಪ್ರಶ್ನೆ ಒಂದು ವಾರದಲ್ಲಿ ಬಗೆಹರಿಯಿತು.

ಈ ವೃತ್ತಿಯಲ್ಲಿರುವ ಬಂಧುಗಳು ವರ್ಷಕ್ಕೆ ಒಂದು ಮಗುವನ್ನಾದರೂ ಹೀಗೆ ಜೊತೆಗೆ ಕರೆದೊಯ್ಯಲಿ ಎಂಬುದು ನಮ್ಮ ಅರಿಕೆ.