ಬೆಳ್ಳಿ ಎಷ್ಟು, ಬೆರಕೆ ಎಷ್ಟು?

ಮಗಳಿಗೆ ಕಾಲ್ಗೆಜ್ಜೆ ಕೊಳ್ಳಲು ಹೋದಾಗ ಅಕ್ಕಸಾಲಿಗರನ್ನು ನಾವು ಮೊದಲು ಕೇಳುವುದು, "ಇದರಲ್ಲಿ ಬೆಳ್ಳಿ ಎಷ್ಟು, ಬೆರಕೆ ಎಷ್ಟು?" ಎಂದು. ರೋಮ್ ಸಾಮ್ರಾಜ್ಯದ ದೆನಾರಿಯಸ್ ನಾಣ್ಯಕ್ಕೂ ಇದೇ ಪ್ರಶ್ನೆ ಹಾಕಬಹುದು. ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿಯಲ್ಲಿ ಒಂದು ದಿನದ ಕೂಲಿಯಾಗಿ ಬರುವ ಬೆಳ್ಳಿ ನಾಣ್ಯ ಇದೇ.

ಕೊಮೊಡಸ್ ಚಕ್ರವರ್ತಿಯ ಕೊನೆಗಾಲಕ್ಕೆ ಅದರಲ್ಲಿ ಬೆಳ್ಳಿ ಸುಮಾರು ಮುಕ್ಕಾಲು ಪಾಲಿಗೆ ಇಳಿದಿತ್ತು. ಉಳಿದದ್ದು ಹೆಚ್ಚಾಗಿ ತಾಮ್ರ. ಕ್ರಿ.ಶ. 192ರ ಡಿಸೆಂಬರ್ 31ರಂದು ಆತನ ಕೊಲೆಯಾಯಿತು. ಮರುದಿನ ಪಟ್ಟಕ್ಕೆ ಬಂದವನು 66 ವರ್ಷದ ಪರ್ಟಿನಾಕ್ಸ್. ಬಿಡುಗಡೆ ಪಡೆದ ಗುಲಾಮನೊಬ್ಬನ ಮಗ. ಮೊದಲು ಮೇಷ್ಟ್ರಾಗಿದ್ದು ಬಳಿಕ ಸೇನಾನಿಯಾದವನು.

ಬೊಕ್ಕಸ ಬರಿದಾಗಿತ್ತು. ಇಂಥ ಹೊತ್ತಿನಲ್ಲಿ ತಾಮ್ರ ಹೆಚ್ಚಿಸುವುದು ಸುಲಭದ ದಾರಿ. ಪರ್ಟಿನಾಕ್ಸ್ ಹಾಗೆ ಮಾಡಲಿಲ್ಲ. ಕೊಮೊಡಸನ ವಿಲಾಸದ ವಸ್ತುಗಳನ್ನು ಹರಾಜು ಹಾಕಿಸಿದ. ನಾಣ್ಯದ ಬೆಳ್ಳಿಯನ್ನು ಶೇಕಡ 87ರ ಆಸುಪಾಸಿಗೆ ಏರಿಸಿದ. ಆತನ ಒಂದು ಬಗೆಯ ದೆನಾರಿಯಸ್‌ನ ಹಿಂಬದಿಯಲ್ಲಿ ತಕ್ಕಡಿ ಹಿಡಿದು ನಿಂತ ಸ್ತ್ರೀಯ ಚಿತ್ರವಿದೆ. ಅದು ನ್ಯಾಯದ ಅಳತೆಯ ಗುರುತು.

ಆದರೆ ಅರಮನೆಯ ಕಾವಲು ಪಡೆಗೆ ಹೊಸ ಶಿಸ್ತು ಹಿಡಿಸಲಿಲ್ಲ. ಮೂರು ತಿಂಗಳೂ ತುಂಬಿರಲಿಲ್ಲ; 193ರ ಮಾರ್ಚ್ 28ರಂದು ಸೈನಿಕರು ಅರಮನೆಗೆ ನುಗ್ಗಿದರು. ಆತ ಓಡಿಹೋಗದೆ ಎದುರು ನಿಂತು ಮಾತನಾಡಿದ. ಅವರು ಕೊಂದೇ ಬಿಟ್ಟರು. ಅದೇ ದಿನ ಅದೇ ಪಡೆ ಸಿಂಹಾಸನವನ್ನೇ ಹರಾಜಿಗಿಟ್ಟಿತು! ತಲೆಗೆ 25,000 ಸೆಸ್ಟರ್ಸ್, ಅಂದರೆ 6,250 ದೆನಾರಿಯಸ್ ಕೂಗಿದ ಡಿಡಿಯಸ್ ಜೂಲಿಯಾನಸ್ ಗೆದ್ದ. ಬೆಳ್ಳಿಯ ಪಾಲು ಮತ್ತೆ ಇಳಿಯಿತು. ಆತನೂ 66 ದಿನಗಳಲ್ಲಿ ಹತನಾದ. ಬಳಿಕ ಬಂದ ಸೆಪ್ಟಿಮಿಯಸ್ ಸೆವೆರಸನ ಕಾಲದಲ್ಲಿ ಬೆಳ್ಳಿ ಅರ್ಧದ ಹತ್ತಿರಕ್ಕೆ ಬಂತು.

ಆಗ ಸೆನೆಟ್ ಸದಸ್ಯನಾಗಿದ್ದ ಇತಿಹಾಸಕಾರ ಕ್ಯಾಸಿಯಸ್ ಡಿಯೋ ಪರ್ಟಿನಾಕ್ಸನನ್ನು ಮೆಚ್ಚುತ್ತಲೇ ಒಂದು ತಪ್ಪನ್ನು ಎತ್ತಿ ಹೇಳುತ್ತಾನೆ: ಎಲ್ಲವನ್ನೂ ಒಮ್ಮೆಗೇ ಸರಿಪಡಿಸಲು ಹೊರಟದ್ದು. ಮನೆಯಲ್ಲಾಗಲಿ ಸಂಘದಲ್ಲಾಗಲಿ, ವರ್ಷಗಟ್ಟಲೆ ಬೇರುಬಿಟ್ಟ ಅಭ್ಯಾಸವನ್ನು ಒಂದೇ ದಿನದಲ್ಲಿ ಕಿತ್ತೆಸೆಯಲು ಆಗುವುದಿಲ್ಲ. ತಿದ್ದುವವರಿಗೆ ಪ್ರಾಮಾಣಿಕತೆಯಷ್ಟೇ ತಾಳ್ಮೆಯೂ ಬೇಕು.

ಹಾಗೆಂದು ಆತನ ಕೆಲಸ ಪೂರ್ತಿ ವ್ಯರ್ಥವಾಯಿತೇ? 1,800 ವರ್ಷಗಳ ಮೇಲೆ ತಜ್ಞರು ಆ ನಾಣ್ಯಗಳನ್ನು ಪರೀಕ್ಷಿಸಿದಾಗ, ಯಾರು ಎಷ್ಟು ಬೆಳ್ಳಿ ಹಾಕಿದ್ದರೆಂದು ಲೋಹವೇ ಹೇಳಿತು. ನಾವು ಆಡುವ ಮಾತು, ಮಾಡುವ ಕೆಲಸದಲ್ಲೂ ಬೆರಕೆ ಎಷ್ಟಿದೆ? ಆಗಾಗ ಕೇಳಿಕೊಳ್ಳೋಣ.