ಸೇವೆಗೆ ಕಣ್ಣೊಂದೇ ಸಾಧನವೇ?

ಅಂಧರು ಸಮಾಜದ ದಯೆಗೆ ಪಾತ್ರರು, ಅವರ ಸೇವೆ ಮಾಡುವದು ಕಣ್ಣುಳ್ಳವರ ಧರ್ಮ, ಎಂಬ ತಿಳಿವಳಿಕೆ ನಮ್ಮ ಜನರಲ್ಲಿ ಬಹುಕಾಲದಿಂದ ಬೇರೂರಿದೆ. ಅಂಧ ತರುಣನೊಬ್ಬನು ತಾನೇ ಸೇವೆಗೆ ಮುಂದಾದರೆ, ಅದರಲ್ಲಿಯೂ ಪರದೇಶಕ್ಕೆ ಹೋಗಿ ದುಡಿಯುವೆನೆಂದರೆ, ಅವನಿಗೆ ಏನು ಹೇಳಬೇಕೆಂಬುದೇ ಸಂಸ್ಥೆಗಳಿಗೆ ತೋಚದು. ಅವನ ಕ್ಷೇಮದ ಹೆಸರಿನಲ್ಲಿ ಅವನನ್ನು ಮನೆಗೆ ಕಳಿಸುವದು ಸುಲಭವಾದ ಉಪಾಯ. ಅದರಲ್ಲಿ ಕನಿಕರವಿದ್ದೀತು, ನ್ಯಾಯವಿದೆಯೆಂದು ನಾವು ಒಪ್ಪಲಾರೆವು.

ಜರ್ಮನಿಯ ಸಾಬ್ರಿಯೆ ಟೆನ್‌ಬರ್ಕೆನ್ ಅವರ ವೃತ್ತಾಂತವು ಇಲ್ಲಿ ಸ್ಮರಣೀಯವಾಗಿದೆ. 1970ರಲ್ಲಿ ಜನಿಸಿದ ಈಕೆ ಹನ್ನೆರಡರ ಪ್ರಾಯದ ಹೊತ್ತಿಗೆ ದೃಷ್ಟಿಯನ್ನು ಕಳೆದುಕೊಂಡರು. ಬಾನ್ ವಿಶ್ವವಿದ್ಯಾಲಯದಲ್ಲಿ ಟಿಬೇಟಿ ಭಾಷೆಯ ವ್ಯಾಸಂಗದಲ್ಲಿದ್ದಾಗ, 1992ರಲ್ಲಿ, ಆ ಭಾಷೆಗೆ ಬ್ರೈಲ್ ಲಿಪಿಯೊಂದನ್ನು ತಾವೇ ರಚಿಸಿದರು. ಪರದೇಶ ಸೇವೆಯನ್ನು ಬಯಸಿ ಕೇಳಿದಾಗ, ಅಂಧರನ್ನು ಅಂಥ ಕೆಲಸಕ್ಕೆ ಕಳಿಸಲಾಗದೆಂಬ ಉತ್ತರ ಬಂದಿತು. ಆದರೂ ಎದೆಗುಂದದೆ 1997ರಲ್ಲಿ ಟಿಬೇಟಿಗೆ ತೆರಳಿ, ಕುದುರೆಯ ಮೇಲೆ ಹಳ್ಳಿಗಳನ್ನು ಸುತ್ತಿ, ಅಲ್ಲಿಯ ಅಂಧ ಮಕ್ಕಳ ಸ್ಥಿತಿಯನ್ನು ಅರಿತುಕೊಂಡರು. ಮರುವರ್ಷವೇ ಪಾಲ್ ಕ್ರೋನೆನ್‌ಬರ್ಗ್ ಅವರೊಡನೆ ಲ್ಹಾಸಾ ನಗರದಲ್ಲಿ ಅಂಧ ಮಕ್ಕಳ ಶಾಲೆಯನ್ನು ತೆರೆದರು. 2009ರಲ್ಲಿ ಅವರಿಬ್ಬರೂ ನಮ್ಮ ನೆರೆಯ ಕೇರಳದ ತಿರುವನಂತಪುರದ ಬಳಿ, ಹಲವು ದೇಶಗಳಿಂದ ಬರುವ ಸಮಾಜಸೇವಕರಿಗೆ ಶಿಕ್ಷಣ ಕೊಡುವ ಸಂಸ್ಥೆಯನ್ನು ಆರಂಭಿಸಿದರು. ಬೇಡವೆಂದವರ ಮಾತಿಗೆ ಅವರು ತಲೆಬಾಗಿದ್ದರೆ ನಷ್ಟವು ಯಾರದಾಗುತ್ತಿತ್ತು?

ಇಂಥ ಧೈರ್ಯವು ಎಲ್ಲರಿಗೂ ಸಾಧ್ಯವಲ್ಲ. ಎಲ್ಲರಿಂದಲೂ ಅದನ್ನು ಅಪೇಕ್ಷಿಸುವದೂ ತರವಲ್ಲ. ಸಾಮಾನ್ಯ ತರುಣನಿಗೆ ಬೇಕಾದದ್ದು ಏರ್ಪಾಡು. ಯುರೋಪಿಯನ್ ಒಕ್ಕೂಟವು 1996ರಲ್ಲಿ ಆರಂಭಿಸಿದ ಸ್ವಯಂಸೇವಾ ಯೋಜನೆಯು 2018ರಿಂದ ‘ಸಾಲಿಡಾರಿಟಿ ಕೋರ್’ ಎಂಬ ಹೆಸರಿನಲ್ಲಿ ಮುಂದುವರಿದಿದೆ. ಅದರಲ್ಲಿ 18ರಿಂದ 30 ವರ್ಷದ ತರುಣರು ಒಂದು ವರ್ಷದ ವರೆಗೆ ಅನ್ಯದೇಶದಲ್ಲಿ ದುಡಿಯಬಹುದು. ಪ್ರಯಾಣ, ವಸತಿ, ಊಟ, ವಿಮೆ, ಕೈಖರ್ಚು ಇವೆಲ್ಲ ಯೋಜನೆಯಿಂದಲೇ ಸಲ್ಲುತ್ತವೆ. ಅಂಗವೈಕಲ್ಯವುಳ್ಳವರಿಗೆ ಇನ್ನೂ ಕೆಲವು ಸೌಕರ್ಯಗಳುಂಟು. ಅವರು ಬೇಕಾದರೆ ಎರಡು ವಾರಗಳಷ್ಟು ಅಲ್ಪಕಾಲವೂ ಹೋಗಬಹುದು. ಹೋಗುವ ಸ್ಥಳವನ್ನು ಮುಂಚಿತವಾಗಿ ಭೇಟಿ ಮಾಡಬಹುದು. ಅವರಿಗೆ ಹೆಚ್ಚಿನ ಮಾರ್ಗದರ್ಶನ ದೊರೆಯುವದು. ಅವರ ಸಲುವಾಗಿ ತಗಲುವ ಅಧಿಕ ವೆಚ್ಚಕ್ಕೂ ಹಣ ದೊರೆಯುವದು.

ಈ ಕೊನೆಯ ಅಂಶದಲ್ಲಿಯೇ ಪ್ರಶ್ನೆಯ ತಿರುಳಿದೆಯೆಂದು ನಮ್ಮ ಮತ. ಬಿಳಿಯ ಕೋಲು ಹಿಡಿದು ನಡೆಯಬಲ್ಲ, ಕಂಪ್ಯೂಟರಿನ ಬರಹವನ್ನು ಧ್ವನಿಯಲ್ಲಿ ಕೇಳಿ ಓದಬಲ್ಲ ತರುಣನು ಭಾಷೆ ಕಲಿಸಬಲ್ಲನು, ಸಂಗೀತ ಕಲಿಸಬಲ್ಲನು, ಪತ್ರವ್ಯವಹಾರ ನೋಡಬಲ್ಲನು. ಹೊಸ ಊರಿನ ಬೀದಿಗಳನ್ನು ಮೊದಲ ವಾರದಲ್ಲಿ ಯಾರಾದರೂ ಜೊತೆಗೆ ನಡೆದು ಪರಿಚಯಿಸಿದರೆ ಮುಂದೆ ತಾನೇ ಓಡಾಡುವನು. ಧ್ವನಿಯಂತ್ರಕ್ಕೆ ಎಟುಕದ ಅರ್ಜಿ, ಬಸ್ಸಿಗೆ ದೂರವಾದ ವಸತಿ, ಜೊತೆಗಾರನ ಪ್ರಯಾಣಕ್ಕೆ ಹಣವಿಲ್ಲದಿರುವದು, ಇವೇ ಅವನನ್ನು ತಡೆಯುವವು. ಇವು ವಿಧಿ ತಂದ ಕಷ್ಟಗಳಲ್ಲ. ಕಚೇರಿಗಳು ಮನಸ್ಸು ಮಾಡಿದರೆ ಪರಿಹಾರವಾಗತಕ್ಕವು.

ವೆಚ್ಚ ಹೆಚ್ಚಾಗುವದಲ್ಲವೇ ಎಂದು ಕೇಳುವವರುಂಟು. ಹೆಚ್ಚಾಗುವದು ನಿಜ. ಆದರೆ ಆ ಹೊರೆಯನ್ನು ತರುಣನ ಮೇಲೆಯೇ ಹೇರಿದರೆ ಸೇವೆಯ ಅವಕಾಶವು ಸಿರಿವಂತರ ಮಕ್ಕಳ ಸ್ವತ್ತಾಗುವದು. ಆತಿಥ್ಯ ಕೊಡುವ ಸಂಸ್ಥೆಯ ಮೇಲೆ ಹೇರಿದರೆ ಅದು ಏನಾದರೊಂದು ನೆವ ಹೇಳಿ ಕೈಬಿಡುವದು. ಸಾರ್ವಜನಿಕ ನಿಧಿಯಿಂದ ಕೊಡುವದೇ ಯುಕ್ತವಾದ ಮಾರ್ಗ.

ಅಂಗವಿಕಲರ ಹಕ್ಕುಗಳನ್ನು ಕುರಿತ 2006ರ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತವು 2007ರಲ್ಲಿ ಅಂಗೀಕರಿಸಿದೆ. ಅಂತರರಾಷ್ಟ್ರೀಯ ಸಹಕಾರದ ಕಾರ್ಯಗಳು ಅಂಗವಿಕಲರನ್ನೂ ಒಳಗೊಳ್ಳಬೇಕೆಂದು ಅದರ 32ನೆಯ ಅನುಚ್ಛೇದವು ವಿಧಿಸುತ್ತದೆ. ನಮ್ಮ 2016ರ ಕಾಯದೆಯು ಅಂಧತ್ವವನ್ನೂ ಮಂದದೃಷ್ಟಿಯನ್ನೂ ಹೆಸರಿಸಿ, ತಕ್ಕ ಅನುಕೂಲತೆ ಒದಗಿಸುವ ಹೊಣೆಯನ್ನು ಸರಕಾರದ ಮೇಲೆ ಹೊರಿಸಿದೆ. ಹೀಗಿರುವಾಗ ತರುಣರ ನಿಯೋಗಗಳನ್ನು ಪರದೇಶಕ್ಕೆ ಕಳಿಸುವ ಇಲಾಖೆಗಳೂ, 1969ರಿಂದ ನಡೆದುಬಂದ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳನ್ನು ನಡೆಸುವ ವಿದ್ಯಾಲಯಗಳೂ ತಮ್ಮ ನಿಯಮಗಳನ್ನು ಒಮ್ಮೆ ಪರಿಶೀಲಿಸತಕ್ಕದ್ದು. ಅಂಧ ವಿದ್ಯಾರ್ಥಿಯು ಮೊದಲು ತನ್ನ ಊರಿನ ಶಿಬಿರದಲ್ಲಿ ದುಡಿದು ಅನುಭವ ಪಡೆಯಲಿ. ಅನಂತರ ಪರದೇಶದ ಅರ್ಜಿಯನ್ನು ಇತರರಂತೆ ಹಾಕಲಿ. ಅವನ ಯೋಗ್ಯತೆಯನ್ನು ಅಳೆಯುವಾಗ ಅಧಿಕಾರಿಗಳು ಕೇಳಬೇಕಾದ ಪ್ರಶ್ನೆ, ಅವನು ಯಾವ ಕೆಲಸ ಬಲ್ಲನು ಎಂಬುದು. ಅವನಿಗೆ ಏನು ಅನುಕೂಲ ಬೇಕೆಂಬುದನ್ನು ಅವನನ್ನೇ ಕೇಳಿ ಬರೆದುಕೊಂಡರೆ ಅರ್ಧ ಕೆಲಸ ಮುಗಿದಂತೆಯೇ ಸರಿ.