ಚಾರ್ಮಾಡಿ ಇಳಿಯುವ ಕಾರಿಗೆ ಯಾವ ಬ್ರೇಕು?
ಕಾರಿನ ಬ್ರೇಕ್ ಸುಧಾರಿಸಲು ದೊಡ್ಡ ಡಿಸ್ಕಿಗೆ ದುಡ್ಡು ಸುರಿಯುವ ಮೊದಲು ಬ್ರೇಕ್ ಆಯಿಲ್ ಬದಲಿಸಬೇಕು. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಬೆಳ್ತಂಗಡಿ, ಬಂಟ್ವಾಳಕ್ಕೆ ಬರುವ ರಾಷ್ಟ್ರೀಯ ಹೆದ್ದಾರಿ 73ರಲ್ಲಿ ತಿರುವು ತಿರುವಿಗೂ ಪೆಡಲ್ ತುಳಿದರೆ ಪ್ಯಾಡ್ ಕಾದು, ಆ ಬಿಸಿ ಆಯಿಲಿಗೂ ದಾಟುತ್ತದೆ. ಹೊಸ ಡಾಟ್ 4 ಆಯಿಲ್ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು. ಆದರೆ ಅದು ಗಾಳಿಯ ತೇವ ಹೀರುತ್ತದೆ, ಶೇ. 3.7ರಷ್ಟು ನೀರು ಸೇರಿದರೆ ಆ ಮಿತಿ 155ರವರೆಗೂ ಕುಸಿಯಬಹುದು. ಕುದಿದರೆ ಆವಿಯ ಗುಳ್ಳೆ ಎದ್ದು ಪೆಡಲ್ ಮೆತ್ತಗೆ ಕೆಳಗಿಳಿಯುತ್ತದೆ, ಕಾರು ನಿಲ್ಲುವುದಿಲ್ಲ. ದೊಡ್ಡ ಡಿಸ್ಕ್ ಬೇಗ ನಿಲ್ಲಿಸುವುದಿಲ್ಲವೇ ಎಂದು ಕೇಳಬಹುದು. ಎಬಿಎಸ್ ಕೆಲಸ ಮಾಡುವಷ್ಟು ಬಲ ಈಗಿನ ಬ್ರೇಕಿಗೇ ಇದ್ದರೆ, ನಿಲ್ಲುವ ದೂರವನ್ನು ನಿರ್ಧರಿಸುವುದು ಟಯರಿನ ಹಿಡಿತ. ದೊಡ್ಡ ಡಿಸ್ಕ್ ಹೆಚ್ಚು ಶಾಖ ತಾಳುತ್ತದೆ, ಅಷ್ಟೆ. ರೇಸ್ ಟ್ರ್ಯಾಕಿಗೆ ಅದು ಬೇಕು, ನಿಜ. ಆದರೆ ಅಲ್ಲಿನ ಪ್ಯಾಡುಗಳು ತಣ್ಣಗಿದ್ದಾಗ ಸರಿಯಾಗಿ ಹಿಡಿಯವು, ಮೂಡುಬಿದಿರೆ ಪೇಟೆಯ ಓಡಾಟಕ್ಕೆ ಅವು ಅಪಾಯಕಾರಿ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ, ಘಾಟಿಯನ್ನು ಕೆಳಗಿನ ಗೇರಿನಲ್ಲೇ ಇಳಿಯಿರಿ.